ಸ್ವಂತ ಹಾಡು, ಊರಿನ ರೇಡಿಯೊ ಮತ್ತು ಬೆಂಗಳೂರಿನ ಕರಾರುಪತ್ರ

ಪ್ರಶ್ನೆ: ನನಗೆ 27 ವರ್ಷ. ಸಕಲೇಶಪುರ ತಾಲ್ಲೂಕಿನವನು, ಸಹಕಾರ ಸಂಘವೊಂದರಲ್ಲಿ ಗುಮಾಸ್ತ. ಗಿಟಾರ್ ನುಡಿಸುತ್ತಾ ಕನ್ನಡದಲ್ಲಿ ಸ್ವಂತ ಹಾಡು ಬರೆದು ಹಾಡುತ್ತೇನೆ. ಹೋಂಸ್ಟೇಗಳಿಗೆ, ಗಣಪತಿ ಪೆಂಡಾಲುಗಳಿಗೆ ಕರೆಯುತ್ತಾರೆ. ಆದರೆ ಎಲ್ಲರೂ ಕೇಳುವುದು ಸಿನಿಮಾ ಹಾಡನ್ನೇ. ಬೆಂಗಳೂರಿನ ಕಂಪನಿಯೊಂದು 80 ಸಾವಿರ ರೂಪಾಯಿ ಕೊಟ್ಟರೆ ಆರು ಹಾಡು ಧ್ವನಿಮುದ್ರಿಸಿ ಬಿಡುಗಡೆ ಮಾಡುತ್ತೇವೆಂದು ಕರಾರುಪತ್ರ ಕಳುಹಿಸಿದೆ. ಸಹಿ ಹಾಕಲೇ? ಸಮುದಾಯ ರೇಡಿಯೊದಲ್ಲಿ ಹಾಡಿದರೆ ಏನಾದರೂ ಪ್ರಯೋಜನವಿದೆಯೇ? ಮನೆಯಲ್ಲೇ ಧ್ವನಿಮುದ್ರಣ ಸಾಧ್ಯವೇ? ಕೆಲಸ ಬಿಡಬಹುದೇ? ಮಳೆಗಾಲದಲ್ಲಿ ಗಿಟಾರ್ ಕೆಡದಂತೆ ಇಡುವುದು ಹೇಗೆ?

ಉತ್ತರ: ಕರಾರುಪತ್ರದಿಂದ ಶುರು ಮಾಡುತ್ತೇನೆ. ಉಳಿದ ಯಾವುದಕ್ಕೂ ಅವಸರವಿಲ್ಲ, ಇದಕ್ಕೆ ಮಾತ್ರ ಇದೆ. ನೀವು ಕಳುಹಿಸಿದ ಪ್ರತಿಯನ್ನು ಓದಿದೆ. ಸಹಿ ಹಾಕಬೇಡಿ.

ದುಡ್ಡು ನಿಮ್ಮದು, ಹಾಡು ನಿಮ್ಮದು, ಕಂಠವೂ ನಿಮ್ಮದು. ಆದರೂ ನಾಲ್ಕನೆಯ ಕಲಮಿನಲ್ಲಿ ಸಾಹಿತ್ಯ, ಸಂಗೀತ ಹಾಗೂ ಧ್ವನಿಮುದ್ರಿಕೆಯ ಸಮಸ್ತ ಹಕ್ಕುಗಳು ಶಾಶ್ವತವಾಗಿ, ವಿಶ್ವದಾದ್ಯಂತ ಕಂಪನಿಗೆ ಸೇರುತ್ತವೆ ಎಂದಿದೆ. ಈ ‘ಶಾಶ್ವತ’, ‘ವಿಶ್ವದಾದ್ಯಂತ’ ಸುಮ್ಮನೆ ಬಂದು ಕೂತಿಲ್ಲ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಅದು ಐದು ವರ್ಷಕ್ಕಷ್ಟೇ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕಷ್ಟೇ ಅನ್ವಯಿಸುತ್ತದೆ. ಆ ರಕ್ಷಣೆ ನಿಮಗೆ ಸಿಗಬಾರದೆಂದೇ ಇವನ್ನು ಸೇರಿಸುತ್ತಾರೆ. ಸಾಹಿತ್ಯ ಮತ್ತು ಸಂಗೀತದ ಸ್ವಾಮ್ಯ ಕರ್ತೃ ತೀರಿಕೊಂಡ ಮೇಲೂ 60 ವರ್ಷ ಉಳಿಯುತ್ತದೆ. ನಿಮ್ಮ ವಯಸ್ಸಿನಿಂದ ಲೆಕ್ಕ ಹಾಕಿ ನೋಡಿ, ನಿಮ್ಮ ಮೊಮ್ಮಕ್ಕಳು ಮುದುಕರಾಗುವ ಹೊತ್ತಿಗೂ ನಿಮ್ಮ ಹಾಡು ಬೇರೆಯವರ ಆಸ್ತಿಯಾಗಿಯೇ ಇರಬಹುದು.

ಒಂದು ಹಾಡಿನಲ್ಲಿ ಮೂರು ಬೇರೆ ಬೇರೆ ಸ್ವತ್ತುಗಳಿವೆ ಎಂಬುದು ನಮ್ಮ ಕಡೆಯ ಬಹಳ ಗಾಯಕರಿಗೆ ಗೊತ್ತಿಲ್ಲ. ಬರೆದ ಸಾಲುಗಳು ಒಂದು, ಕಟ್ಟಿದ ರಾಗ ಇನ್ನೊಂದು, ಮುದ್ರಿಸಿದ ಧ್ವನಿ ಮತ್ತೊಂದು. ಮೊದಲೆರಡು ಬರೆದವರಿಗೆ, ಸ್ವರ ಹಾಕಿದವರಿಗೆ ಸೇರುತ್ತವೆ. ಮೂರನೆಯದು ಧ್ವನಿಮುದ್ರಿಕೆಯ ನಿರ್ಮಾಪಕರದು. ದುಡ್ಡು ಹಾಕಿ ಮುದ್ರಣಕ್ಕೆ ಮುಂದಾದವರು ನೀವಾದರೆ ನಿರ್ಮಾಪಕರೂ ನೀವೇ ಆಗಬೇಕು. ಕಾಗದದಲ್ಲಿ ಮಾತ್ರ ಕಂಪನಿಯ ಹೆಸರಿದೆ! 2012ರ ತಿದ್ದುಪಡಿ ಬಂದ ಮೇಲೆ, ಗೀತರಚನೆಕಾರರು ಮತ್ತು ಸಂಯೋಜಕರು ತಮ್ಮ ರಾಯಧನದ (ರಾಯಲ್ಟಿಯ) ಸಮಪಾಲನ್ನು ಕಾನೂನುಬದ್ಧ ವಾರಸುದಾರರಿಗೆ ಇಲ್ಲವೇ ಕೃತಿಸ್ವಾಮ್ಯ ಸಂಘಕ್ಕೆ ಬಿಟ್ಟು ಬೇರೆ ಯಾರಿಗೂ ಬರೆದುಕೊಡುವಂತಿಲ್ಲ. ಬರೆದುಕೊಟ್ಟರೂ ಅದು ಊರ್ಜಿತವಲ್ಲ. ಹಾಗೆಂದು ಸಹಿ ಹಾಕಿ ಆಮೇಲೆ ನ್ಯಾಯಾಲಯಕ್ಕೆ ಅಲೆಯುವ ಸಾಹಸ ಬೇಡ.

ಕಂಪನಿಗೆ ಒಂದೇ ಮಾತು ಬರೆಯಿರಿ: ‘ಸ್ಟುಡಿಯೊ ಬಾಡಿಗೆ, ವಾದ್ಯದವರ ಸಂಭಾವನೆ, ಮಿಕ್ಸಿಂಗ್ ಶುಲ್ಕವನ್ನು ಬಿಡಿಬಿಡಿಯಾಗಿ ತಿಳಿಸಿ, ರಸೀದಿ ಕೊಡಿ, ಕೆಲಸ ಮುಗಿದ ಮೇಲೆ ಕಂಠ, ವಾದ್ಯಗಳು ಬೇರೆಬೇರೆಯಾಗಿ ಮುದ್ರಿತವಾದ ಎಲ್ಲ ಬಿಡಿ ಟ್ರ್ಯಾಕ್‌ಗಳನ್ನು ಹಾರ್ಡ್ ಡಿಸ್ಕಿನಲ್ಲಿ ನನಗೆ ಒಪ್ಪಿಸಿ, ಹಕ್ಕು ನನ್ನಲ್ಲೇ ಇರಲಿ.’ ನಿಜವಾದ ಸ್ಟುಡಿಯೊ ಆಗಿದ್ದರೆ ಒಪ್ಪಿಕೊಳ್ಳುತ್ತಾರೆ. ಉತ್ತರವೇ ಬರದಿದ್ದರೆ ಅದೂ ಒಂದು ಉತ್ತರ.

ಹಾಡುಗಳನ್ನು ನೋಂದಾಯಿಸಬೇಕೇ ಎಂದು ನೀವು ಕೇಳಿಲ್ಲ, ಮುಂದೆ ಕೇಳುತ್ತೀರಿ. ಕಡ್ಡಾಯವಿಲ್ಲ, ಬರೆದು ದಾಖಲಿಸಿದ ಕ್ಷಣದಿಂದಲೇ ಹಕ್ಕು ನಿಮ್ಮದು. ಕೃತಿಸ್ವಾಮ್ಯ ಕಚೇರಿಯಲ್ಲಿ ಸಾಹಿತ್ಯ ಅಥವಾ ಸಂಗೀತ ಕೃತಿಯ ನೋಂದಣಿಗೆ 500 ರೂಪಾಯಿ, ಧ್ವನಿಮುದ್ರಿಕೆಗೆ 2,000 ರೂಪಾಯಿ ಶುಲ್ಕವಿದೆ. ಈಗಲೇ ಅದಕ್ಕೆ ದುಡ್ಡು ಸುರಿಯಬೇಡಿ. ದಿನಾಂಕ ಹಾಕಿದ ಕರಡುಗಳನ್ನು, ಮೊಬೈಲಿನಲ್ಲಿ ಮುದ್ರಿಸಿದ ಮೊದಲ ಹಾಡಿಕೆಯನ್ನು ಜೋಪಾನ ಮಾಡಿ. ನಾಲ್ಕಾರು ಹಾಡು ಬಿಡುಗಡೆಯಾದ ಮೇಲೆ ಐಪಿಆರ್‌ಎಸ್ ಸದಸ್ಯತ್ವಕ್ಕೆ ಅರ್ಜಿ ಹಾಕಿ. 1969ರಲ್ಲಿ ಆರಂಭವಾದ ಈ ಸಂಘ ಗೀತರಚನೆಕಾರರ, ಸಂಯೋಜಕರ ಪರವಾಗಿ ರಾಯಧನ ಸಂಗ್ರಹಿಸಿ ಹಂಚುತ್ತದೆ.

ಇನ್ನೊಬ್ಬರ ಹಾಡಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಕರಾರುಪತ್ರದ ಜೊತೆ ನೀವು ಕಳುಹಿಸಿದ ಆರು ಹಾಡುಗಳಲ್ಲಿ ಒಂದು ಶಿಶುನಾಳ ಶರೀಫರ ತತ್ತ್ವಪದ. ಶರೀಫರು ತೀರಿಕೊಂಡದ್ದು 1889ರಲ್ಲಿ, ಅವರ ಸಾಲುಗಳನ್ನು ಯಾರು ಬೇಕಾದರೂ ಹಾಡಬಹುದು. ಆದರೆ ನೀವು ಹಾಡಿರುವುದು ಸಿ. ಅಶ್ವತ್ಥ್ ಕಟ್ಟಿದ ಧಾಟಿಯಲ್ಲಿ. ನಮ್ಮ ಚನ್ನರಾಯಪಟ್ಟಣದ ಅಶ್ವತ್ಥ್ ಹೋದದ್ದು 2009ರ ಡಿಸೆಂಬರಿನಲ್ಲಿ. ಆ ಸಂಗೀತದ ಮೇಲಿನ ಸ್ವಾಮ್ಯ 2069ರ ಕೊನೆಯವರೆಗೂ ಇರುತ್ತದೆ. ಪದ ಶರೀಫರದೇ ಇರಲಿ, ಸ್ವರ ಹೊಸದಾಗಿ ಹಾಕಿ. ಕುವೆಂಪು ಅವರ ಕವಿತೆಗೆ ರಾಗ ಹಾಕುವ ಆಸೆಯಿದ್ದರೆ ಅನುಮತಿ ಬೇಕು. ಅವರು 1994ರಲ್ಲಿ ತೀರಿಕೊಂಡದ್ದರಿಂದ ಅವರ ಬರಹದ ಸ್ವಾಮ್ಯ 2054ರವರೆಗಿದೆ. ವಚನ, ದಾಸರ ಪದಗಳಿಗೆ ಈ ತೊಡಕಿಲ್ಲ.

ಈಗ ಕಾರ್ಯಕ್ರಮಗಳ ಮಾತು. ನಿಮ್ಮ ಪತ್ರದ ತುಂಬ ಬೇಸರವಿದೆ, ಆ ಬೇಸರಕ್ಕೆ ಕಾರಣ ಒಂದರಿಂದ ಸಿಗಬೇಕಾದದ್ದನ್ನು ಇನ್ನೊಂದರಿಂದ ಕೇಳುತ್ತಿರುವುದು. ರಸಮಂಜರಿಯ ವೇದಿಕೆಯಿಂದ ದುಡ್ಡು ಬರುತ್ತದೆ, ಅಲ್ಲಿ ಹೊಸ ಹಾಡಿಗೆ ಕಿವಿ ಸಿಗುವುದು ಅಪರೂಪ. ರೇಡಿಯೊದಲ್ಲಿ ಕಿವಿ ಸಿಗುತ್ತದೆ, ದುಡ್ಡಿಲ್ಲ. ಧ್ವನಿಮುದ್ರಣದಿಂದ ಮೊದಮೊದಲು ಎರಡೂ ಬರುವುದಿಲ್ಲ, ಆದರೆ ಅದಿಲ್ಲದೆ ಉಳಿದೆರಡಕ್ಕೂ ನಿಮ್ಮನ್ನು ಕರೆಯುವವರಿಗೆ ತೋರಿಸಲು ನಿಮ್ಮ ಬಳಿ ಏನೂ ಇರುವುದಿಲ್ಲ.

ಪೆಂಡಾಲಿನಲ್ಲಿ ಜನ ಸಿನಿಮಾ ಹಾಡು ಕೇಳುವುದು ನಿಮಗೆ ಮಾಡುವ ಅವಮಾನವಲ್ಲ. ಅವರು ಬಂದಿರುವುದೇ ಗೊತ್ತಿರುವ ಹಾಡಿಗೆ ದನಿಗೂಡಿಸಲು. ಅಲ್ಲಿ ನಿಮ್ಮ ಹಾಡು ಸೋಲುವುದಕ್ಕೆ ಇನ್ನೊಂದು ಕಾರಣವಿದೆ, ಅದು ಮಿಕ್ಸರಿನಲ್ಲಿದೆ. ನಮ್ಮ ಶಾಮಿಯಾನದ ಸೌಂಡ್ ಆಪರೇಟರುಗಳಿಗೆ ಎಕೋ ಎಂದರೆ ಪ್ರಾಣ. ಪ್ರತಿ ಪದಕ್ಕೂ ಬಾಲ ಬರುತ್ತದೆ, ಒಂದು ಪದದ ಬಾಲ ಮುಂದಿನ ಪದದ ತಲೆಯ ಮೇಲೆ ಬೀಳುತ್ತದೆ. ಸಿನಿಮಾ ಹಾಡಿಗೆ ಅದರಿಂದ ನಷ್ಟವಿಲ್ಲ, ಕೇಳುವವರ ಬಾಯಲ್ಲಿ ಆಗಲೇ ಸಾಹಿತ್ಯ ಇರುತ್ತದೆ. ನಿಮ್ಮ ಹಾಡನ್ನು ಅವರು ಮೊದಲ ಸಲ ಕೇಳುತ್ತಿದ್ದಾರೆ. ಪಲ್ಲವಿಯ ಎರಡನೇ ಸಾಲು ಕೇಳಿಸದಿದ್ದರೆ ಮೂರನೆಯದಕ್ಕೆ ಮೊಬೈಲ್ ತೆಗೆಯುತ್ತಾರೆ. ಆದ್ದರಿಂದ ಸಂಜೆ ಬೇಗ ಹೋಗಿ, ಆಪರೇಟರಿಗೆ ಒಂದು ಟೀ ಕೊಡಿಸಿ, ‘ಅಣ್ಣಾ, ನನ್ನ ಸ್ವಂತ ಹಾಡು ಬಂದಾಗ ಮಾತ್ರ ಎಕೋ ಪೂರ್ತಿ ತೆಗೆಯಿರಿ, ಬೇಸ್ ಸ್ವಲ್ಪ ಇಳಿಸಿ’ ಎಂದು ಕೇಳಿ. ನಿಮ್ಮದೇ ಮೈಕ್, ನಿಮ್ಮದೇ ಕೇಬಲ್ ಒಯ್ಯಿರಿ. ಮೂರು ಸಿನಿಮಾ ಹಾಡು ಆದ ಮೇಲೆ ಒಂದು ಸ್ವಂತದ್ದು, ಅದೂ ಸಣ್ಣದು. ಅದರ ಬಗ್ಗೆ ಭಾಷಣ ಬೇಡ. ಹಾಡಿನಲ್ಲಿ ಬರುವ ಊರು, ಹೊಳೆ, ಬಸ್ಸು ಯಾವುದೆಂದು ಒಂದು ವಾಕ್ಯದಲ್ಲಿ ಹೇಳಿ ಶುರು ಮಾಡಿ.

ಹೋಂಸ್ಟೇಗಳಲ್ಲಿ ಪರಿಸ್ಥಿತಿ ಬೇರೆ. ಕೇಳುಗರು ಕಡಿಮೆ, ಎದುರಿಗೇ ಕೂತಿರುತ್ತಾರೆ, ಮೈಕ್ ಇಲ್ಲದೆಯೂ ನಡೆಯುತ್ತದೆ. ಹೊಸ ಹಾಡನ್ನು ಪರೀಕ್ಷಿಸಲು ನಮ್ಮ ಜಿಲ್ಲೆಗಳಲ್ಲಿ ಅದಕ್ಕಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ. ಏಳೂವರೆಗೆ ಶುರು ಮಾಡಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಹನ್ನೊಂದು ಗಂಟೆಗೆ ಅತಿಥಿಗಳು ‘ಇನ್ನೊಂದು’ ಎನ್ನುತ್ತಾರೆ, ಪಕ್ಕದ ಎಸ್ಟೇಟಿನವರು ಪೊಲೀಸರಿಗೆ ಫೋನ್ ಮಾಡುತ್ತಾರೆ, ಮಾಲೀಕರು ಬೈಯುವುದು ನಿಮಗೆ. ಸಂಭಾವನೆಯ ಅರ್ಧವನ್ನು ಮುಂಗಡವಾಗಿ, ಉಳಿದರ್ಧವನ್ನು ಅದೇ ರಾತ್ರಿ ತೆಗೆದುಕೊಳ್ಳಿ. ಪೆಟ್ರೋಲಿನ ದುಡ್ಡನ್ನು ಸಂಭಾವನೆಯೊಳಗೆ ಸೇರಿಸಲು ಬಿಡಬೇಡಿ.

ಊರಿನ ಪಂಚಾಂಗ ನೋಡಿಕೊಂಡು ವರ್ಷವನ್ನು ಹೊಂದಿಸಿ. ಗಣೇಶನ ಹಬ್ಬ, ದಸರಾ, ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳು, ನವೆಂಬರ್ ಇಡೀ ರಾಜ್ಯೋತ್ಸವ. ಸಂಕ್ರಾಂತಿ ಕಳೆದರೆ ಜಾತ್ರೆಗಳು, ಚೈತ್ರದಲ್ಲಿ ಬೇಲೂರಿನ ತೇರು. ಜೂನ್‌ನಿಂದ ಆಗಸ್ಟ್‌ವರೆಗೆ ಮಲೆನಾಡಿನಲ್ಲಿ ಯಾರೂ ಕರೆಯುವುದಿಲ್ಲ, ಆಗ ಬರೆಯಿರಿ. ಹಾಸನಾಂಬ ಕಲಾಕ್ಷೇತ್ರದಲ್ಲೋ ಚಿಕ್ಕಮಗಳೂರಿನ ಕುವೆಂಪು ಕಲಾಮಂದಿರದಲ್ಲೋ ಹಾಡಬೇಕೆಂದಿದ್ದರೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗಿ, ನಿಮ್ಮ ವಿವರ ಮತ್ತು ಎರಡು ಹಾಡಿನ ಮುದ್ರಣ ಕೊಟ್ಟು ಬನ್ನಿ. ಅಲ್ಲಿ ಸಂಭಾವನೆ ಕೈಸೇರುವುದು ನಿಧಾನ, ಅದನ್ನು ನಂಬಿ ಸಾಲ ಮಾಡಬೇಡಿ.

ರೇಡಿಯೊ ಬಗ್ಗೆ ನೀವು ಕೇಳಿದ ರೀತಿಯಲ್ಲಿಯೇ ಸ್ವಲ್ಪ ಉದಾಸೀನವಿದೆ. ಮೊದಲು ಅದೇನೆಂದು ತಿಳಿಯಿರಿ. ಬಾನುಲಿ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. 2002ರ ಕೊನೆಯಲ್ಲಿ ಶಿಕ್ಷಣ ಸಂಸ್ಥೆಗಳಿಗೆ, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ರೇಡಿಯೊ ನಡೆಸಲು ಅವಕಾಶವಾಯಿತು. ಸ್ವಯಂಸೇವಾ ಸಂಸ್ಥೆಗಳಿಗೆ ಪರವಾನಗಿಯ ಕಾಲ ಬರುವ ಮುನ್ನವೇ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಎಂಬ ಕೇಂದ್ರದವರು ಕೇಬಲ್ ಎಳೆದು ಮನೆಮನೆಗೆ ಕಾರ್ಯಕ್ರಮ ಮುಟ್ಟಿಸುತ್ತಿದ್ದರು. ಈಗ ಸರಗೂರಿನ ಜನಧ್ವನಿ, ಮಂಗಳೂರಿನ ರೇಡಿಯೊ ಸಾರಂಗ್‌ನಂಥ ಕೇಂದ್ರಗಳು ರಾಜ್ಯದಲ್ಲಿವೆ. ಸಮುದಾಯ ಕೇಂದ್ರದ ಪ್ರಸಾರಶಕ್ತಿ ಸಾಮಾನ್ಯವಾಗಿ ಹೆಚ್ಚೆಂದರೆ 100 ವ್ಯಾಟ್, ಗೋಪುರದ ಎತ್ತರ 30 ಮೀಟರ್. ಬಯಲಿನಲ್ಲಿ ಹತ್ತು ಕಿಲೋಮೀಟರ್ ಆಸುಪಾಸಿನವರೆಗೆ ಚೆನ್ನಾಗಿ ಕೇಳಿಸುತ್ತದೆ. ಎಫ್‌ಎಂ ತರಂಗ ಗುಡ್ಡದ ಹಿಂದಕ್ಕೆ ಬಾಗುವುದು ಕಡಿಮೆ. ಅರಸೀಕೆರೆಯ ಬಯಲಿನಲ್ಲಿ ಸರಾಗವಾಗಿ ಹರಡುವಷ್ಟೇ ಶಕ್ತಿಯ ಪ್ರಸಾರ ಮೂಡಿಗೆರೆ ಕಡೆಯ ಕಣಿವೆಗಳಲ್ಲಿ ಒಂದು ತಿರುವಿನಲ್ಲಿ ಕೇಳಿಸಿ ಮುಂದಿನ ತಿರುವಿನಲ್ಲಿ ಕರಗುತ್ತದೆ.

ಅವರ ಬಳಿ ದುಡ್ಡು ಏಕಿಲ್ಲ ಎಂಬುದೂ ಗೊತ್ತಿರಲಿ. 2024ರ ಮಾರ್ಗಸೂಚಿಯಲ್ಲಿ ಜಾಹೀರಾತಿನ ಮಿತಿಯನ್ನು ಗಂಟೆಗೆ 12 ನಿಮಿಷಕ್ಕೆ ಏರಿಸಿ, ಸರ್ಕಾರಿ ಜಾಹೀರಾತಿನ ದರವನ್ನು ಹತ್ತು ಸೆಕೆಂಡಿಗೆ 74 ರೂಪಾಯಿ ಮಾಡಿದರು. ಅಷ್ಟರಲ್ಲಿ ವಿದ್ಯುತ್ ಬಿಲ್ಲು, ಇಬ್ಬರು ಮೂವರ ಸಂಬಳ ನಡೆಯಬೇಕು. ‘ಹಾಡಿದರೆ ಎಷ್ಟು ಕೊಡುತ್ತೀರಿ’ ಎಂದು ಬಾಗಿಲಲ್ಲೇ ಕೇಳಬೇಡಿ.

ಆದರೆ ಅವರಿಗೆ ಒಂದು ತೀರದ ಹಸಿವಿದೆ. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧ ಸ್ಥಳೀಯವಾಗಿ, ಅಲ್ಲಿನ ಜನರು ಸೇರಿಯೇ ತಯಾರಾಗಿರಬೇಕು ಎಂಬುದು ನಿಯಮ. ವಾರವಿಡೀ ಅಷ್ಟು ತುಂಬಿಸುವುದು ಸುಲಭವಲ್ಲ. ಆದ್ದರಿಂದ ‘ನನ್ನ ಹಾಡು ಹಾಕಿ’ ಎಂದು ಹೋಗುವುದಕ್ಕಿಂತ, ವಾರಕ್ಕೆ ಅರ್ಧ ಗಂಟೆಯ ಕಾರ್ಯಕ್ರಮವನ್ನೇ ಹೊತ್ತುಕೊಂಡು ಹೋಗಿ. ಒಂದು ವಾರ ಸೋಬಾನೆ ಹಾಡುವ ಅಜ್ಜಿ, ಇನ್ನೊಂದು ವಾರ ಭಜನೆ ಮನೆಯ ಹಾರ್ಮೋನಿಯಂ ಮೇಷ್ಟ್ರು, ದೀಪಾವಳಿಗೆ ದೀಪ ಹಿಡಿದು ಮನೆಮನೆಗೆ ಹಾಡುತ್ತಾ ಹೋಗುವ ಅಂಟಿಗೆ ಪಿಂಟಿಗೆಯವರು, ಕೊನೆಗೆ ನಿಮ್ಮ ಒಂದು ಹಾಡು. ಹೀಗೆ ಮಾಡಿದವರಿಗೆ ಎರಡು ಲಾಭ. ಮೈಕ್ ಹಿಡಿಯುವುದು, ಮುದ್ರಿಸಿದ್ದನ್ನು ಕತ್ತರಿಸಿ ಜೋಡಿಸುವುದು ಬಿಟ್ಟಿಯಾಗಿ ಕೈಗೆ ಹತ್ತುತ್ತದೆ. ಜೊತೆಗೆ ಅಜ್ಜಿಯ ಮನೆಯವರು, ಮೇಷ್ಟ್ರ ಶಿಷ್ಯರೆಲ್ಲ ಕಾರ್ಯಕ್ರಮದ ಕೊನೆಯವರೆಗೂ ಕೂತು ಕೇಳುತ್ತಾರೆ. ಅಜ್ಜಿಯ ಹಾಡನ್ನು ಮುದ್ರಿಸುವ ಮುನ್ನ ಒಪ್ಪಿಗೆ ಕೇಳಿ, ಪ್ರಸಾರದಲ್ಲಿ ಹೆಸರು ಹೇಳಿ, ಆ ಧಾಟಿಯನ್ನು ನಾಳೆ ನಿಮ್ಮದೆಂದು ಬಿಡುಗಡೆ ಮಾಡಬೇಡಿ. ಬೆಂಗಳೂರಿನ ಕಂಪನಿಯ ಮೇಲೆ ನಿಮಗಿರುವ ದೂರು ಅಜ್ಜಿಗೆ ನಿಮ್ಮ ಮೇಲೆ ಬರಬಾರದು.

ಸಮುದಾಯ ರೇಡಿಯೊ ಕೇಂದ್ರಗಳಿಗೆ ಸಂಕೇತ ಸಂಗೀತ (ಕಾರ್ಯಕ್ರಮದ ಗುರುತಿನ ರಾಗ) ಬೇಕಿರುತ್ತದೆ, ಲಸಿಕೆ, ಬೆಳೆ ವಿಮೆ, ಮತದಾನದ ಬಗ್ಗೆ ಮೂವತ್ತು ಸೆಕೆಂಡಿನ ಹಾಡುಗಳು ಬೇಕಿರುತ್ತವೆ. ಪ್ರಾಯೋಜಿತ ಸರಣಿಯಾದರೆ ಅದಕ್ಕೆ ಸಣ್ಣ ಮೊತ್ತವೂ ಇರುತ್ತದೆ. ಕೀಳೆಂದು ಬಿಡಬೇಡಿ. ಮೂವತ್ತು ಸೆಕೆಂಡಿನಲ್ಲಿ ಒಂದು ವಿಷಯ ಹೇಳಿ ಮುಗಿಸಲು ಕಲಿತವರ ಪಲ್ಲವಿಗಳಲ್ಲಿ ಪೊಳ್ಳು ಸಾಲು ಇರುವುದಿಲ್ಲ. ನಿಮ್ಮ ಮೂರನೇ ಹಾಡಿಗೆ ಈ ಅಭ್ಯಾಸ ತುರ್ತಾಗಿ ಬೇಕು, ಅದರಲ್ಲಿ ಮಂಜು ನಾಲ್ಕು ಸಲ ಕವಿದಿದೆ.

ಹಾಸನ ಆಕಾಶವಾಣಿಯದು ಬೇರೆ ದಾರಿ. ಅಲ್ಲಿ ಧ್ವನಿಪರೀಕ್ಷೆ ಇದೆ, ತೇರ್ಗಡೆಯಾದವರಿಗೆ ಬಿ, ಬಿ ಹೈ, ಎ, ಟಾಪ್ ಎಂಬ ಶ್ರೇಣಿಗಳಿವೆ, ಶ್ರೇಣಿಗೆ ತಕ್ಕ ಸಂಭಾವನೆ ಇದೆ. ಸುಗಮ ಸಂಗೀತಕ್ಕೆ ಅರ್ಜಿ ಹಾಕಿ. ಗಿಟಾರ್ ಹಾಡಿಕೆಯಲ್ಲಿ ಶ್ರುತಿ ಕೊಂಚ ಆಚೀಚೆಯಾದರೂ ನಡೆದುಹೋಗುತ್ತದೆ, ಅಲ್ಲಿ ನಡೆಯುವುದಿಲ್ಲ. ತಂಬೂರಿ ಶ್ರುತಿ ಇಟ್ಟುಕೊಂಡು ಕೆಲವು ತಿಂಗಳು ಅಭ್ಯಾಸ ಮಾಡಿ ಹೋಗಿ. ಶ್ರೇಣಿ ಸಿಕ್ಕಿದರೆ ಸರ್ಕಾರಿ ಕಾರ್ಯಕ್ರಮಗಳಲ್ಲಿ ನಿಮ್ಮ ಅರ್ಜಿಯ ತೂಕವೇ ಬೇರೆಯಾಗುತ್ತದೆ.

ಮನೆಯಲ್ಲಿ ಧ್ವನಿಮುದ್ರಣ ಸಾಧ್ಯವೇ ಎಂದರೆ, ಗಿಟಾರ್ ಮತ್ತು ಕಂಠ ಎರಡೇ ಇರುವ ನಿಮ್ಮಂಥವರಿಗೆ ಖಂಡಿತ ಸಾಧ್ಯ. ಒಂದು ಡೈನಮಿಕ್ ಮೈಕ್, ಎರಡು ಚಾನೆಲ್‌ಗಳ ಆಡಿಯೊ ಇಂಟರ್‌ಫೇಸ್ (ಮೈಕ್, ಗಿಟಾರಿನ ಸದ್ದನ್ನು ಕಂಪ್ಯೂಟರಿಗೆ ಸೇರಿಸುವ ಸಣ್ಣ ಪೆಟ್ಟಿಗೆ), ಹಳೆಯ ಲ್ಯಾಪ್‌ಟಾಪ್, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಸಾಕು. ಕಂಡೆನ್ಸರ್ ಮೈಕ್ ಕೊಳ್ಳಲು ಯಾರು ಹೇಳಿದರೂ ಈಗ ಬೇಡ. ಅದು ನಿಮ್ಮ ಕಂಠದ ಜೊತೆಗೆ ಅಡುಗೆಮನೆಯ ಕುಕ್ಕರನ್ನೂ ಅಷ್ಟೇ ಪ್ರೀತಿಯಿಂದ ಮುದ್ರಿಸುತ್ತದೆ. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸುವುದು ವ್ಯರ್ಥ, ಆ ತೆಳು ರಟ್ಟು ಹೊರಗಿನ ಸದ್ದನ್ನೂ ತಡೆಯುವುದಿಲ್ಲ, ಕೋಣೆಯ ಗುಂಯ್‌ಗುಡುವಿಕೆಯನ್ನೂ ಹೀರುವುದಿಲ್ಲ. ದಪ್ಪ ಕಂಬಳಿ, ಹತ್ತಿಯ ಹಾಸಿಗೆ, ಬಟ್ಟೆ ತುಂಬಿದ ಬೀರು ಹೀರುತ್ತವೆ. ಕಾಫಿ ಚೀಲಗಳನ್ನು ಎದೆಮಟ್ಟ ಜೋಡಿಸಿದ ಉಗ್ರಾಣ ನಿಮ್ಮ ಮನೆಯಲ್ಲಿದ್ದರೆ ಎರಡು ಸಾಲಿನ ನಡುವೆ ಸ್ಟೂಲ್ ಹಾಕಿ ಕುಳಿತು ಚಪ್ಪಾಳೆ ತಟ್ಟಿ ನೋಡಿ. ಸದ್ದು ಅಲ್ಲೇ ಸತ್ತರೆ ಅದೇ ನಿಮ್ಮ ಸ್ಟುಡಿಯೊ.

ಹೆಂಚಿನ ಮನೆಯ ತೊಂದರೆ ಮೇಲಿನಿಂದ ಬರುತ್ತದೆ. ಸಂದು ಸಂದಿನಿಂದ ಹೊರಗಿನ ಸದ್ದು ಇಳಿಯುತ್ತದೆ, ಮಳೆ ಬಂದರೆ ಕೆಲಸ ಬಂದ್. ಏಪ್ರಿಲ್, ಮೇ ತಿಂಗಳಲ್ಲಿ ಜೀರುಂಡೆಗಳು. ಅವುಗಳ ಕಿರ್ ಸದ್ದು ಕೂರುವುದು ನಮ್ಮ ಸ, ಶ, ಚ ಅಕ್ಷರಗಳ ಚೂಪು ಇರುವ ಎತ್ತರದ ಪಟ್ಟಿಯಲ್ಲೇ. ಕಂಪ್ಯೂಟರಿನಲ್ಲಿ ಅದನ್ನು ತೆಗೆಯಲು ಹೋದರೆ ಅಕ್ಷರಗಳೂ ಮೊಂಡಾಗುತ್ತವೆ, ‘ಸಂಜೆ’ ಎಂದದ್ದು ಕಂಬಳಿಯೊಳಗಿಂದ ಬಂದಂತೆ ಕೇಳಿಸುತ್ತದೆ. ಡಿಸೆಂಬರ್, ಜನವರಿಯ ರಾತ್ರಿ ಹೊತ್ತು ಪ್ರಶಸ್ತ. ಹಗಲು ಬೇಡ, ಆಗ ಕಾಫಿ ಕುಯ್ಲು, ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಯಂತ್ರ ಓಡುತ್ತಿರುತ್ತದೆ.

ಮೈಕಿನಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ ಕುಳಿತು ಹಾಡಿ, ಪ, ಬ ಅಕ್ಷರಗಳ ಗಾಳಿ ನೇರ ಬಡಿಯುವುದಿಲ್ಲ. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಮುದ್ರಿಸಿ. ಎತ್ತರದ ದನಿಯಲ್ಲಿಯೂ ಮಟ್ಟ ಸೊನ್ನೆಗಿಂತ ಆರು ಡೆಸಿಬೆಲ್ ಕೆಳಗೇ ಇರಲಿ, ಕೆಂಪು ದೀಪ ಹತ್ತಿದ ತುಣುಕನ್ನು ಯಾರೂ ಸರಿಪಡಿಸಲಾರರು. ಹಾಡಿದ ಮೇಲೆ ಏನೂ ಮಾಡದೆ ಒಂದು ಇಡೀ ನಿಮಿಷ ಕೋಣೆಯ ಮೌನವನ್ನೂ ಮುದ್ರಿಸಿಕೊಳ್ಳಿ, ಜೋಡಿಸುವಾಗ ಬೇಕಾಗುತ್ತದೆ. ರೇಡಿಯೊಗೆ ಕೊಡುವಾಗ ಹಿಂಡದ ವೇವ್ (WAV) ಕಡತ ಕೊಡಿ, ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ್ದು ಹಿಂಡಿಹೋಗಿರುತ್ತದೆ. ಕೊಡುವ ಮುನ್ನ ಒಮ್ಮೆ ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ಮೋನೊ ಮಾಡಿ (ಎಡ-ಬಲದ ಸದ್ದನ್ನು ಒಂದಾಗಿಸಿ) ಕೇಳಿ, ತೋಟದಲ್ಲಿ ಕೆಲಸ ಮಾಡುತ್ತಾ ಕೇಳುವವರಿಗೆ ಸಿಗುವುದು ಅದೇ.

ಇಂಟರ್‌ನೆಟ್ ಬಿಡುಗಡೆಯ ಮೇಲೆ ಹೆಚ್ಚು ಆಸೆ ಇಡಬೇಡಿ. ಸ್ಪಾಟಿಫೈ 2024ರಿಂದ, ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 1,000 ಬಾರಿ ಕೇಳಿಸಿಕೊಳ್ಳದ ಹಾಡಿಗೆ ದುಡ್ಡನ್ನೇ ಕೊಡುವುದಿಲ್ಲ. ಹಾಡನ್ನು ಇಂಥ ತಾಣಗಳಿಗೆ ತಲುಪಿಸುವ ವಿತರಕರ ಮೂಲಕ ಹಾಕಿಡಿ, ಪ್ರತಿ ಮುದ್ರಿಕೆಗೂ ಐಎಸ್‌ಆರ್‌ಸಿ ಎಂಬ 12 ಅಕ್ಷರಾಂಕಿಗಳ ಸಂಖ್ಯೆ ಸಿಕ್ಕಿದೆಯೇ ನೋಡಿಕೊಳ್ಳಿ, ಮರೆತುಬಿಡಿ. ಕಾರ್ಯಕ್ರಮ ಕೊಡಿಸುವವರು ಕೇಳಿದಾಗ ಕಳುಹಿಸಲು ಒಂದು ಕೊಂಡಿ ಇರುತ್ತದೆ, ಸದ್ಯಕ್ಕೆ ಅದರ ಉಪಯೋಗ ಅಷ್ಟೇ. ಆರರಲ್ಲಿ ಎರಡು ಹಾಡು ಮಾತ್ರ ಹಾಕಿ. ಯಾವ ಎರಡು ಎಂಬುದನ್ನು ಹೋಂಸ್ಟೇ ಮತ್ತು ರೇಡಿಯೊ ಕೇಳುಗರೇ ತಿಳಿಸುತ್ತಾರೆ, ‘ಆ ಬಸ್ಸಿನ ಹಾಡು’ ಎಂದು ಯಾರಾದರೂ ಕೇಳಿಕೊಂಡು ಬಂದರೆ ಅದು ಒಂದು.

ಕೆಲಸ ಬಿಡುವ ಪ್ರಶ್ನೆಗೆ ನನ್ನ ಉತ್ತರ ಬೇಡ ಎಂಬುದೇ. ಅಶ್ವತ್ಥ್ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆಯಲ್ಲಿ ದೀರ್ಘಕಾಲ ನೌಕರಿ ಮಾಡುತ್ತಲೇ ಸುಗಮ ಸಂಗೀತವನ್ನು ಕಟ್ಟಿದರು. ಶಿವಮೊಗ್ಗ ಸುಬ್ಬಣ್ಣ ವಕೀಲರಾಗಿದ್ದರು. ಅವರ ಕಾಲದಲ್ಲಿ ಕ್ಯಾಸೆಟ್ ಮಾರಾಟವೆಂಬ ಆದಾಯವಾದರೂ ಇತ್ತು, ನಿಮಗೆ ಅದೂ ಇಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಕಾರ್ಯಕ್ರಮವಿಲ್ಲದ ಮೂರು ತಿಂಗಳು ಸಂಘದ ಸಂಬಳವೇ ನಿಮ್ಮ ಹಾಡಿಗೂ ಆಧಾರ. ಸಂಬಳವಿದ್ದರೆ ಕೆಟ್ಟ ಕರಾರುಪತ್ರಕ್ಕೆ ಬೇಡವೆನ್ನುವ ಧೈರ್ಯವೂ ಇರುತ್ತದೆ. ಎರಡು ಮಳೆಗಾಲದ ಖರ್ಚು ಕಾರ್ಯಕ್ರಮದ ದುಡ್ಡಿನಿಂದಲೇ ಉಳಿತಾಯವಾದ ವರ್ಷ ಇದೇ ಪ್ರಶ್ನೆಯನ್ನು ಮತ್ತೆ ಬರೆಯಿರಿ.

ಇನ್ನು ಗಿಟಾರ್. ಮಳೆಗಾಲದಲ್ಲಿ ಗೋಡೆಗೆ ನೇತುಹಾಕಬೇಡಿ, ಮಲೆನಾಡಿನ ಗೋಡೆ ಬೆವರುತ್ತದೆ. ನುಡಿಸಿದ ಕೂಡಲೇ ಒಣ ಹತ್ತಿಬಟ್ಟೆಯಿಂದ ತಂತಿಗಳನ್ನು ಅಡಿಯಿಂದಲೂ ಒರೆಸಿ, ಗಟ್ಟಿ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಬಣ್ಣ ಬದಲಾಗುವ ಜಾತಿಯ ಜೆಲ್ ತೆಗೆದುಕೊಂಡರೆ ಹೀರಿ ತುಂಬಿದ್ದು ಗೊತ್ತಾಗುತ್ತದೆ, ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಬಳಸಬಹುದು. ಆ ಬಾಣಲೆಯನ್ನು ಅಡುಗೆಗೆ ವಾಪಸ್ ಕೊಡಬೇಡಿ. ಒಲೆಯ ಮೇಲಿನ ಅಟ್ಟದಲ್ಲಂತೂ ಗಿಟಾರ್ ಇಡಲೇಬೇಡಿ, ಅಲ್ಲಿ ಬೆಚ್ಚಗಿರುತ್ತದೆ ನಿಜ, ಆದರೆ ಆ ಶಾಖಕ್ಕೆ ಅಂಟು ಸಡಿಲವಾಗಿ ತಂತಿ ಕಟ್ಟಿದ ಸೇತುವೆಯೇ (ಬ್ರಿಡ್ಜ್) ಎದ್ದುಬರುತ್ತದೆ.